ಕಮಾಡಿಟಿ ಖಾತೆ: ಸಣ್ಣ ಲಾಟ್‌ನವರಿಗೆ ಹೇಗಿದೆ?

ಷೇರು ಖಾತೆ ಇದ್ದ ಡಿಸ್ಕೌಂಟ್ (ಕಡಿಮೆ ಶುಲ್ಕದ) ಬ್ರೋಕರ್ ಹತ್ತಿರವೇ ಕಮಾಡಿಟಿ ಖಾತೆಯನ್ನೂ ತೆರೆಸಿಕೊಂಡು ಕೆಲವು ವರ್ಷಗಳಾದವು. ಚಿನ್ನ, ತೈಲದಂಥ ಸರಕಿನ ಫ್ಯೂಚರ್ಸ್, ಅಂದರೆ ಮುಂದಿನ ದಿನಾಂಕಕ್ಕೆ ಈಗಲೇ ಬೆಲೆ ಕಟ್ಟುವ ಒಪ್ಪಂದ, ಕೊಂಡು ಮಾರುವುದು ಇಲ್ಲೇ. ತೆರೆಯುವುದು ಸುಲಭ. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟು, ಆಧಾರ್ ಒಟಿಪಿ ಹಾಕಿದರೆ ಮುಗಿಯಿತು. ಅಷ್ಟಕ್ಕೆ ಪೂರ್ತಿ ಅಂಕ ಕೊಡುತ್ತೇನೆ.

ನನ್ನ ದೊಡ್ಡ ತಕರಾರು ಅವರ ಆಪ್‌ನಲ್ಲಿ ಆರ್ಡರ್ ಹಾಕುವ ಪುಟದ್ದು. ಅಲ್ಲಿ ಎದ್ದು ಕಾಣುವುದು ಮಾರ್ಜಿನ್, ಅಂದರೆ ಈಗ ಇಡಬೇಕಾದ ದುಡ್ಡು ಮಾತ್ರ. ಎಷ್ಟು ರೂಪಾಯಿ ಮಾಲಿಗೆ ನೀವು ಹೊಣೆಯಾಗುತ್ತಿದ್ದೀರಿ ಅನ್ನುವುದನ್ನು ನೀವೇ ಲೆಕ್ಕ ಹಾಕಿಕೊಳ್ಳಬೇಕು. ಈ ವಹಿವಾಟು ನಡೆಯುವ ಎಂಸಿಎಕ್ಸ್ ವಿನಿಮಯ ಕೇಂದ್ರದಲ್ಲಿ ಕ್ರೂಡ್ ಆಯಿಲ್ (ಕಚ್ಚಾ ತೈಲ) ಲಾಟ್, ಅಂದರೆ ಒಮ್ಮೆಗೆ ಕೊಳ್ಳಬೇಕಾದ ಕನಿಷ್ಠ ಪ್ರಮಾಣ, 100 ಬ್ಯಾರೆಲ್. ಬ್ಯಾರೆಲ್‌ಗೆ 6,000 ರೂ. ಇದ್ದರೆ ಅದು 6 ಲಕ್ಷದ ಮಾಲು. ಬೆಲೆ 100 ರೂ. ಇಳಿದರೆ 10,000 ಹೋಯಿತು. ಕ್ರೂಡ್ ಮಿನಿಯಲ್ಲಿ 10 ಬ್ಯಾರೆಲ್, ಹಾಗಾಗಿ ಅದೇ ಇಳಿತಕ್ಕೆ 1,000. ಹೊಸಬರು ಮಿನಿ ಬಿಟ್ಟು ಬೇರೆ ಕಡೆ ತಲೆ ಹಾಕಲೇಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಚಿನ್ನದಲ್ಲೂ ಹಾಗೇ. ದೊಡ್ಡದು 1 ಕೆಜಿ, ಮಿನಿ 100 ಗ್ರಾಂ, ಗಿನಿ 8 ಗ್ರಾಂ, ಪೆಟಲ್ 1 ಗ್ರಾಂ. ಪೆಟಲ್ ಅಗ್ಗ ಅಂತ ಎಲ್ಲರೂ ಅಲ್ಲಿಂದ ಶುರು ಮಾಡುತ್ತಾರೆ. ಆದರೆ ನನ್ನ ಬ್ರೋಕರ್ ಆರ್ಡರ್‌ಗೆ 20 ರೂ. ತೆಗೆದುಕೊಳ್ಳುತ್ತಾರೆ. ಒಂದು ಪೆಟಲ್ ಕೊಂಡು ಮಾರಿದರೆ ಜಿಎಸ್‌ಟಿ ಸೇರಿ 47 ರೂ. ಬ್ರೋಕರೇಜ್‌ಗೇ ಹೋಗುತ್ತದೆ. ಅಂದರೆ ಗ್ರಾಂಗೆ ಅಷ್ಟು ಏರಿದರೂ ಕೈಗೆ ಬರುವುದು ಸೊನ್ನೆ. ಒಂದೇ ಆರ್ಡರ್‌ನಲ್ಲಿ ನಾಲ್ಕೈದು ಪೆಟಲ್ ತೆಗೆದುಕೊಂಡರೆ ಈ ಹೊರೆ ಹಂಚಿಹೋಗುತ್ತದೆ. ಆಪ್ ಇದನ್ನೆಲ್ಲ ಹೇಳುವುದಿಲ್ಲ. ಯಾಕೆ ಹೇಳುತ್ತೆ, ಅಲ್ವಾ?

ಬೆಂಗಳೂರಿನ ನಗರತ್‌ಪೇಟೆಯಲ್ಲಿ ಚಿನ್ನದ ಅಂಗಡಿ ಇಟ್ಟಿರುವ ಗೆಳೆಯನೊಬ್ಬ ಇದೇ ಆಪ್ ಬಳಸುತ್ತಾನೆ, ಆದರೆ ಪೂರ್ತಿ ಬೇರೆ ರೀತಿಯಲ್ಲಿ. ಅಂಗಡಿಯಲ್ಲಿ ಮಾಲು ಜಾಸ್ತಿ ಇದ್ದಾಗ ಅವನು ಗೋಲ್ಡ್ ಮಿನಿ ಫ್ಯೂಚರ್ಸ್ ಆಗಿನ ಬೆಲೆಗೆ ಮಾರಿಟ್ಟು, ಆಮೇಲೆ ವಾಪಸ್ ಕೊಳ್ಳುತ್ತಾನೆ. ಬೆಲೆ ಬಿದ್ದರೆ ಅಂಗಡಿಯ ನಷ್ಟವನ್ನು ಇಲ್ಲಿಯ ಲಾಭ ತುಂಬಿಕೊಡುತ್ತದೆ. 2024ರ ಜುಲೈ ಬಜೆಟ್‌ನಲ್ಲಿ ಚಿನ್ನದ ಆಮದು ಸುಂಕ ಶೇ. 15ರಿಂದ 6ಕ್ಕೆ ಇಳಿದು ಬೆಲೆ ಒಂದೇ ದಿನ ಕುಸಿಯಿತಲ್ಲ, ಅಂಥ ದಿನಕ್ಕೇ ಈ ವ್ಯವಸ್ಥೆ ಇರುವುದು. ಅವನಿಗೆ ಇದು ಅಪಾಯ ಇಳಿಸುವ ದಾರಿ. ನಮ್ಮಂಥವರು ಆ ಅಪಾಯವನ್ನು ದುಡ್ಡು ಕೊಟ್ಟು ತಲೆ ಮೇಲೆ ಹಾಕಿಕೊಳ್ಳುತ್ತಿದ್ದೇವೆ. ಮಗಳ ಮದುವೆಗೆ ಚಿನ್ನ ಕೂಡಿಡಬೇಕು ಅನ್ನುವವರಿಗೆ ಫ್ಯೂಚರ್ಸ್ ಬೇಡವೇ ಬೇಡ, ಷೇರಿನಂತೆ ಕೊಳ್ಳುವ ಚಿನ್ನದ ನಿಧಿ ಗೋಲ್ಡ್ ಇಟಿಎಫ್ ಸಾಕು.

ಕಮಾಡಿಟಿ ಮಾರುಕಟ್ಟೆ ರಾತ್ರಿ 11:30ರವರೆಗೆ ಇರುತ್ತದೆ, ಚಳಿಗಾಲದಲ್ಲಿ 11:55. ಔಟರ್ ರಿಂಗ್ ರೋಡ್ ಟ್ರಾಫಿಕ್ ದಾಟಿ ಮನೆ ಸೇರಿ, ಊಟ ಮುಗಿಸಿ ಕೂರಬಹುದು. ಅನುಕೂಲವೇನೋ ಹೌದು. ಆದರೆ ಅಮೆರಿಕದ ತೈಲ ದಾಸ್ತಾನಿನ ಲೆಕ್ಕ ಸಾಮಾನ್ಯವಾಗಿ ಬುಧವಾರ ರಾತ್ರಿ 8ಕ್ಕೋ 9ಕ್ಕೋ ಬರುತ್ತದೆ, ನ್ಯಾಚುರಲ್ ಗ್ಯಾಸ್‌ನದು ಗುರುವಾರ. ಬೆಲೆ ಜಿಗಿದಾಡುವುದು ಆಗಲೇ, ಸರಿಯಾಗಿ ಆ ಹೊತ್ತಿಗೇ ನಮ್ಮ ಆಪ್ ಒದ್ದಾಡಿದ್ದುಂಟು. ದೂರು ಕೊಟ್ಟರೆ 'ಇಂಟರ್‌ನೆಟ್ ಪರೀಕ್ಷಿಸಿ' ಅಂತ ಸಿದ್ಧ ಉತ್ತರ. ಸ್ಟಾಪ್‌ಲಾಸ್ (ಬೆಲೆ ಇಷ್ಟಕ್ಕೆ ಬಂದರೆ ತಾನಾಗಿ ಹೊರಬರುವ ಆರ್ಡರ್) ಮೊದಲೇ ಹಾಕಿಟ್ಟಿದ್ದರೆ ಸ್ವಲ್ಪ ನೆಮ್ಮದಿ, ಅದೂ ಪೂರ್ತಿ ಭರವಸೆಯಲ್ಲ. 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್‌ನಿಂದ ಎಂಸಿಎಕ್ಸ್ ಸಂಜೆ 5ಕ್ಕೇ ಮುಚ್ಚುತ್ತಿತ್ತು. ಎಕ್ಸ್‌ಪೈರಿ (ಒಪ್ಪಂದ ಮುಗಿಯುವ) ದಿನ ರಾತ್ರಿ ಅಮೆರಿಕದಲ್ಲಿ ಕ್ರೂಡ್ ಸೊನ್ನೆಗಿಂತ ಕೆಳಗಿಳಿಯಿತು. ಅದನ್ನೇ ಅನುಸರಿಸಿ ಇಲ್ಲಿ ಬ್ಯಾರೆಲ್‌ಗೆ ಮೈನಸ್ 2,884 ರೂ. ಲೆಕ್ಕದಲ್ಲಿ ಚುಕ್ತಾ ಆಯಿತು. ಕೊಂಡು ಕೂತಿದ್ದವರಿಗೆ ಹೊರಬರಲು ದಾರಿಯೇ ಇರಲಿಲ್ಲ.

ಎಕ್ಸ್‌ಪೈರಿ ಹತ್ತಿರ ಬಂದಾಗ ಮೇಲ್ ಮಾತ್ರ ತಪ್ಪದೆ ಬರುತ್ತದೆ. ಚಿನ್ನ, ಬೆಳ್ಳಿಯಲ್ಲಿ ಮಾಲನ್ನೇ ಪಡೆಯಬೇಕಾಗುತ್ತದೆ, ಆದ್ದರಿಂದ ಡೆಲಿವರಿ ಅವಧಿಗೆ ಮೊದಲೇ ಸ್ಕ್ವೇರ್ ಆಫ್ ಮಾಡಿ (ಕೊಂಡದ್ದನ್ನು ಮಾರಿ ಮುಗಿಸಿ) ಅಂತ ಎಚ್ಚರಿಸುತ್ತಾರೆ. ಕಾಂಟ್ರ್ಯಾಕ್ಟ್ ನೋಟ್ (ವಹಿವಾಟಿನ ಲೆಕ್ಕದ ಚೀಟಿ) ಕೂಡ ದಿನದಿನಕ್ಕೆ ಚೊಕ್ಕ.

ತೆರಿಗೆ ವಿಷಯ ಖಾತೆ ತೆರೆಯುವಾಗ ಯಾರೂ ಎತ್ತುವುದಿಲ್ಲ. ಇದು ವ್ಯಾಪಾರದ ಆದಾಯ. ಸಂಬಳದವರು ಕೂಡ ಸಾಮಾನ್ಯವಾಗಿ ಐಟಿಆರ್-3 ಅನ್ನುವ ರಿಟರ್ನ್ ನಮೂನೆ ತುಂಬಬೇಕು. ನಷ್ಟವನ್ನು ಸಂಬಳದಿಂದ ಕಳೆಯುವಂತಿಲ್ಲ. ಗಡುವಿನೊಳಗೆ ರಿಟರ್ನ್ ಹಾಕಿದರೆ 8 ವರ್ಷ ಮುಂದಕ್ಕೆ ಒಯ್ಯಬಹುದು. ನಮ್ಮ ಆಡಿಟರ್ ಇದಕ್ಕೆ ಫೀಸು ಏರಿಸಿದ್ದಾರೆ, ಅದನ್ನೂ ಖರ್ಚಿಗೆ ಸೇರಿಸಿಕೊಳ್ಳಿ.