ಬೆಕ್ಕಿನ ಮರಿ ತರುವ ಮುಂಚೆ ಕೇಳಿ: ಆ ಮನೆಯಲ್ಲಿ ಬೆಕ್ಕು ಸತ್ತಿದೆಯಾ?

ಈ ಮಳೆಗಾಲದಲ್ಲಿ ಯಾರಾದರೂ ನಿಮಗೆ ಬೆಕ್ಕಿನ ಮರಿ ಕೊಡುತ್ತೇನೆ ಅಂದರೆ, ಬಣ್ಣ, ಗಂಡೋ ಹೆಣ್ಣೋ ಎಂಬುದನ್ನೆಲ್ಲ ಆಮೇಲೆ ಕೇಳಿ. ಮೊದಲು ಕೇಳಬೇಕಾದದ್ದು ಇದು: ನಿಮ್ಮಲ್ಲಿ ಇತ್ತೀಚೆಗೆ ಬೆಕ್ಕಾಗಲಿ ಮರಿಯಾಗಲಿ ಸತ್ತಿದೆಯಾ? ಉತ್ತರ ಕೊಡುವವರು ತಡವರಿಸಿದರೆ ಆ ಮರಿಯನ್ನು ನಿಮ್ಮ ಬೆಕ್ಕುಗಳಿರುವ ಮನೆಯೊಳಗೆ ತರಬೇಡಿ. ಪ್ಯಾನ್‌ಲ್ಯುಕೋಪೀನಿಯಾ ಎಂಬ ಬೆಕ್ಕಿನ ಅಂಟುರೋಗ ಅದರ ಜೊತೆಗೇ ಬರಬಹುದು. ಈ ಪ್ರಶ್ನೆಗೆ ನಮಗೆ ನಿಜವಾದ ಉತ್ತರ ಸಿಕ್ಕಿದ್ದು ನಮ್ಮ ಬೆಕ್ಕುಗಳನ್ನು ಮಣ್ಣು ಮಾಡಿದ ಮೇಲೆ.

ನಾವಿರುವುದು ನಾಪೋಕ್ಲು ಕಡೆ, ಸಣ್ಣ ಕಾಫಿ ತೋಟ, ಸ್ವಲ್ಪ ಗದ್ದೆ. ಭತ್ತ ಇಟ್ಟ ಮನೆಯಲ್ಲಿ ಇಲಿ ಇದ್ದೇ ಇರುತ್ತದೆ, ಹಾಗಾಗಿ ಬೆಕ್ಕುಗಳೂ ಇದ್ದವು. ಬೊಮ್ಮಿ ನಾವು ಮೈಸೂರಿನಲ್ಲಿದ್ದಾಗಿನಿಂದ ಜೊತೆಗಿರುವ ಹಳೆಯ ಬೆಕ್ಕು. ಉಳಿದವು ಇಲ್ಲೇ ಹುಟ್ಟಿದವು: ಚುಕ್ಕಿ, ಅವಳ ಎರಡು ಮರಿಗಳು, ಕೆಂಚ. ಮಳೆ ಹಿಡಿದರೆ ಇವು ಯಾವುವೂ ಹೊರಗೆ ಕಾಲಿಡುವುದಿಲ್ಲ. ಎಲ್ಲವೂ ಒಲೆಯ ಹತ್ತಿರ ಒಂದರ ಮೇಲೊಂದು ಬಿದ್ದುಕೊಂಡಿರುತ್ತವೆ, ಹಿಂದಿನ ಜಗಲಿಯಲ್ಲಿ ಇಟ್ಟ ಮರದಪುಡಿಯ ಒಂದೇ ಟ್ರೇಗೆ ಹೋಗುತ್ತವೆ, ಒಂದೇ ತಟ್ಟೆಯಲ್ಲಿ ತಿನ್ನುತ್ತವೆ. ಕೊಡಗಿನ ಬಹುಪಾಲು ಮನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಕ್ಕುಗಳ ಬದುಕು ಹೀಗೇ. ಹೊಟ್ಟೆಯ ಸೋಂಕೊಂದು ಹರಡಲು ಇದಕ್ಕಿಂತ ಅನುಕೂಲ ಬೇಕಿಲ್ಲ.

ಕುಶಾಲನಗರದ ಕಡೆಯ ಪರಿಚಯದವರೊಬ್ಬರು ಒಂದು ಮರಿ ಕೊಟ್ಟರು. ಲಸಿಕೆ ಆಗಿದೆಯಾ ಅಂತ ಕೇಳಿದ್ದಕ್ಕೆ "ಎಲ್ಲಾ ಆಗಿದೆ ಅಕ್ಕಾ, ಏನೂ ಯೋಚನೆ ಮಾಡಬೇಡಿ" ಅಂದರು. ಬಂದ ಮೊದಲ ದಿನಗಳಲ್ಲಿ ಮರಿ ಚೆನ್ನಾಗಿಯೇ ಆಡಿಕೊಂಡಿತ್ತು, ಹಾಲನ್ನ ತಿಂದಿತು, ಚುಕ್ಕಿಯ ಮರಿಗಳ ಜೊತೆ ಉರುಳಾಡಿತು. ಆಮೇಲೆ ಒಂದು ಬೆಳಿಗ್ಗೆ ಮೂಲೆ ಹಿಡಿಯಿತು. ಹಳದಿ ನೊರೆಯಂಥ ವಾಂತಿ. ನೀರಿನ ಬಟ್ಟಲ ಮುಂದೆ ತಲೆ ತಗ್ಗಿಸಿ ಕೂತಿತ್ತು, ಮೂಗು ನೀರಿಗೆ ತಾಗುವಷ್ಟು ಹತ್ತಿರ, ಆದರೆ ಕುಡಿಯುತ್ತಿರಲಿಲ್ಲ. ಈ ಭಂಗಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಬಾಯಾರಿಕೆ ಇದೆ, ಹೊಟ್ಟೆ ಒಪ್ಪುತ್ತಿಲ್ಲ ಎಂಬುದರ ಗುರುತು ಅದು. ಈ ಕಾಯಿಲೆಯಲ್ಲಿ ಬಹಳ ಸಾಮಾನ್ಯ. ಭೇದಿ ಆಮೇಲೆ ಬರುತ್ತದೆ, ಕೆಲವಕ್ಕೆ ಬರುವುದೇ ಇಲ್ಲ.

ಆ ಮರಿ ಮರುದಿನ ಹೋಯಿತು. ಚಳಿ ಹಿಡಿದಿರಬೇಕು ಅಂದುಕೊಂಡೆವು. ವಾರ ಕಳೆಯುವಷ್ಟರಲ್ಲಿ ಚುಕ್ಕಿಯ ಮರಿಯೊಂದು ಹಾಗೇ ಮಲಗಿತು, ಅದರ ಹಿಂದೆ ಇನ್ನೊಂದು, ಅದರ ಬೆನ್ನಿಗೆ ಕೆಂಚ. ಕೆಂಚ ಹಿಂದಿನ ಸಂಜೆ ಅಟ್ಟದ ಮೇಲೆ ಇಲಿ ಹಿಡಿದಿದ್ದ ಗಟ್ಟಿ ಗಂಡು ಬೆಕ್ಕು. ಅವನು ಬಿದ್ದಾಗ ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಯಾರೋ ವಿಷ ಹಾಕಿದ್ದಾರೆ.

ಇದರ ಬಗ್ಗೆ ಸ್ವಲ್ಪ ಬಿಡಿಸಿ ಬರೆಯಬೇಕು. ನಮ್ಮೂರುಗಳಲ್ಲಿ ಬೆಕ್ಕು ಸಾಲಾಗಿ ಸತ್ತರೆ ಮೊದಲು ಸಂಶಯ ಬೀಳುವುದು ಪಕ್ಕದ ತೋಟದವರ ಮೇಲೆ. ಅವರು ಇಲಿ ಪಾಷಾಣ ಇಟ್ಟಿದ್ದಾರೆ, ಕೋಳಿ ಹಿಡಿದ ಸಿಟ್ಟಿಗೆ ಮೀನಲ್ಲಿ ಬೆರೆಸಿ ಇಟ್ಟಿದ್ದಾರೆ ಅಂತ. ನಮ್ಮ ಅತ್ತೆ ಹಾಗೇ ಅಂದರು, ಬೇಲಿಯ ಹತ್ತಿರ ನಿಂತು ಎರಡು ಮಾತು ಜೋರಾಗಿಯೇ ಆಡಿದರು. ತಲೆತಲಾಂತರದ ನೆರೆಯವರ ನಡುವೆ ಮಾತು ನಿಂತಿತು. ಅವರ ತಪ್ಪು ಏನೂ ಇರಲಿಲ್ಲ.

ವಿಷಕ್ಕೂ ಈ ರೋಗಕ್ಕೂ ವ್ಯತ್ಯಾಸ ಇದೆ, ಡಾಕ್ಟರು ನಮಗೆ ಕೂರಿಸಿ ಹೇಳಿದರು. ಇಲಿಗೆ ಇಡುವ ಕಪ್ಪು ಪುಡಿ, ಅಂದರೆ ಝಿಂಕ್ ಫಾಸ್ಫೈಡ್, ಹೊಟ್ಟೆಗೆ ಹೋದರೆ ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ಆಟ ತೋರಿಸುತ್ತದೆ. ಬಿಲ್ಲೆ ರೂಪದಲ್ಲಿ ಸಿಗುವ ಬ್ರೊಮಾಡಿಯೋಲೋನ್ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ಕೆಲವು ದಿನ ಬಿಟ್ಟು ರಕ್ತಸ್ರಾವ ಶುರುವಾಗುತ್ತದೆ. ಆದರೆ ಹೊಸ ಮರಿ ಬಂದು, ಅದು ಸತ್ತು, ಕೆಲವು ದಿನದ ಅಂತರದಲ್ಲಿ ಒಂದಾದ ಮೇಲೊಂದು ಜ್ವರ, ವಾಂತಿ ಅಂತ ಬೀಳುತ್ತಿದ್ದರೆ, ಎಳೆಯವು ಮೊದಲು ಸಾಯುತ್ತಿದ್ದರೆ, ಅದು ಅಂಟುರೋಗ ಎಂದೇ ಹಿಡಿದು ನಡೆಯಬೇಕು. ಬೆಕ್ಕಿನ ಸಹಜ ಮೈಬಿಸಿ ಸುಮಾರು 100.5 ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಕೆಂಚನಿಗೆ 104 ದಾಟಿತ್ತು.

ಮೊದಲೇ ಹೇಳಿದ ಪ್ಯಾನ್‌ಲ್ಯುಕೋಪೀನಿಯಾ ಇದೇ. ಡಾಕ್ಟರುಗಳು ಬೆಕ್ಕಿನ ಪಾರ್ವೋ ಅಂತಲೂ ಹೇಳುತ್ತಾರೆ. ನಾಯಿ ಸಾಕಿದವರಿಗೆ ಪಾರ್ವೋ ಗೊತ್ತೇ ಇದೆ, 1978ರ ಸುಮಾರಿಗೆ ಜಗತ್ತಿನಲ್ಲೆಲ್ಲ ನಾಯಿಮರಿಗಳನ್ನು ಸಾಯಿಸಲು ಶುರು ಮಾಡಿದ ವೈರಸ್ ಅದು. ಬೆಕ್ಕಿನದು ಅದಕ್ಕೆ ಹತ್ತಿರದ ಸಂಬಂಧಿ, ಅದಕ್ಕಿಂತ ಹಳೆಯದು. ಈ ವೈರಸ್ ಕರುಳಿನ ಒಳಪದರವನ್ನೂ ಮೂಳೆಯ ಮಜ್ಜೆಯನ್ನೂ ಹಾಳು ಮಾಡುತ್ತದೆ. ಆರೋಗ್ಯವಾಗಿರುವ ಬೆಕ್ಕಿನ ರಕ್ತದಲ್ಲಿ ಮೈಕ್ರೋಲೀಟರಿಗೆ ಸುಮಾರು 5,500 ರಿಂದ 19,500 ಬಿಳಿ ರಕ್ತಕಣ ಇರಬೇಕು, ಇದರಲ್ಲಿ ಅದು ಪಾತಾಳಕ್ಕೆ ಇಳಿಯುತ್ತದೆ. ಆಗ ಕರುಳಿನಲ್ಲಿರುವ ಸಾಮಾನ್ಯ ಬ್ಯಾಕ್ಟೀರಿಯಾಗಳೇ ರಕ್ತಕ್ಕೆ ನುಗ್ಗಿ ಬೆಕ್ಕನ್ನು ಮುಗಿಸುತ್ತವೆ. ಮನುಷ್ಯರಿಗೆ ಇದು ಬರುವುದಿಲ್ಲ, ದನಕರುಗಳಿಗೂ ಇಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ ಅಂತ ಹೆದರಿ ಕಾಯಿಲೆ ಬೆಕ್ಕನ್ನು ಮಳೆಯಲ್ಲಿ ಹೊರಗೆ ಬಿಡಬೇಡಿ. ಬಿಟ್ಟರೆ ಊರಿಗೆಲ್ಲ ಹಂಚಿದ ಹಾಗೆ.

ಪಶು ಆಸ್ಪತ್ರೆಗೆ ಹೋಗುವ ಮುಂಚೆ ಫೋನ್ ಮಾಡಿ, ಹೀಗೆ ಹೀಗೆ ಆಗಿದೆ ಅಂತ ಹೇಳಿ. ಬೆಕ್ಕನ್ನು ಬುಟ್ಟಿಯಲ್ಲಿಟ್ಟು ಜೀಪಿನಲ್ಲೇ ಕಾಯಿರಿ, ಬೇರೆಯವರ ಬೆಕ್ಕುಗಳಿರುವ ಬೆಂಚಿನ ಮೇಲೆ ಇಡಬೇಡಿ. ಬೆಕ್ಕಿಗಾಗಿ ಬೇರೆ ಟೆಸ್ಟ್ ಕಿಟ್ ಇಲ್ಲದ ಕಡೆ ನಾಯಿ ಪಾರ್ವೋ ಕಿಟ್ಟಿನಲ್ಲೇ ಬೆಕ್ಕಿನ ಮಲ ಪರೀಕ್ಷೆ ಮಾಡುತ್ತಾರೆ, ಅದರಲ್ಲಿ ಇದು ಸಿಗುತ್ತದೆ. ಕಿಟ್ ನೆಗೆಟಿವ್ ಬಂದರೂ ರೋಗ ಇಲ್ಲ ಅಂತ ಖಚಿತವಾಗುವುದಿಲ್ಲ, ಲಕ್ಷಣ ಇದ್ದರೆ ರಕ್ತ ನೋಡಲು ಕೇಳಿ.

ವೈರಸ್ಸನ್ನೇ ಕೊಲ್ಲುವ ಮದ್ದು ಇದಕ್ಕೆ ಅಂಗಡಿಯಲ್ಲಿ ಸಿಗುವುದಿಲ್ಲ. ಡ್ರಿಪ್ ಹಾಕಿ ನೀರಿನಂಶ ಉಳಿಸುವುದು, ವಾಂತಿ ನಿಲ್ಲಿಸುವುದು, ಆ್ಯಂಟಿಬಯೋಟಿಕ್ ಕೊಡುವುದು, ಬೆಚ್ಚಗಿಡುವುದು, ಇಷ್ಟೇ. ಇಷ್ಟನ್ನೇ ಬೇಗ ಶುರು ಮಾಡಿದರೆ ಬದುಕುವುದುಂಟು. ಚುಕ್ಕಿಯ ಎರಡನೇ ಮರಿ ಬದುಕಿತು. ಮೊದಲನೆಯದು ಮತ್ತು ಕೆಂಚ ಉಳಿಯಲಿಲ್ಲ. ಚುಕ್ಕಿಗೆ ಎರಡು ದಿನ ಮಂಕು ಕವಿದು ಬಿಟ್ಟಿತು. ಬೊಮ್ಮಿಗೆ ಮಾತ್ರ ಏನೂ ಆಗಲಿಲ್ಲ. ಅದೇ ತಟ್ಟೆ, ಅದೇ ಟ್ರೇ, ಅದೇ ಒಲೆ. ಒಂದೇ ವ್ಯತ್ಯಾಸ, ಮೈಸೂರಿನಲ್ಲಿ ಅವಳಿಗೆ ಲಸಿಕೆಗಳೆಲ್ಲ ಸರಿಯಾಗಿ ಆಗಿದ್ದವು, ಕಾರ್ಡ್ ಇನ್ನೂ ಬೀರುವಿನಲ್ಲಿದೆ.

ಈ ದಿನಗಳಲ್ಲಿ ನಮಗೆ ಸಿಕ್ಕ ಸಲಹೆಗಳಲ್ಲಿ ಒಂದು ಬಹಳ ಅಪಾಯದ್ದು. ಜ್ವರ ಅಂದರೆ ಅರ್ಧ ಪ್ಯಾರಾಸಿಟಮಾಲ್ ಹಾಲಿನಲ್ಲಿ ಕೊಡಿ ಅಂದವರಿದ್ದಾರೆ. ಬೆಕ್ಕಿಗೆ ಪ್ಯಾರಾಸಿಟಮಾಲ್ ಸಾವು. ಅದನ್ನು ಅರಗಿಸುವ ಶಕ್ತಿ ಅದರ ಪಿತ್ತಜನಕಾಂಗಕ್ಕೆ ಇಲ್ಲ, ರಕ್ತಕ್ಕೆ ಆಮ್ಲಜನಕ ಒಯ್ಯುವ ಸಾಮರ್ಥ್ಯವೇ ಹೋಗುತ್ತದೆ, ಅರ್ಧ ಮಾತ್ರೆ ಸಾಕು. ವಾಂತಿ ಮಾಡುತ್ತಿರುವ ಬೆಕ್ಕಿನ ಬಾಯಿ ಬಿಡಿಸಿ ನೀರು ಹೊಯ್ಯುವುದೂ ಬೇಡ, ಶ್ವಾಸಕೋಶಕ್ಕೆ ಹೋಗುತ್ತದೆ.

ಇನ್ನು ಸತ್ತ ಮೇಲಿನ ಕೆಲಸ. ಇಲ್ಲೇ ಹೆಚ್ಚಿನ ಮನೆಗಳು ಎರಡನೇ ಸಲ ಸೋಲುವುದು. ಸೆಗಣಿ ಸಾರಿಸಿ, ಫಿನಾಯಿಲ್ ಹಾಕಿ ಒರೆಸಿ, ಒಂದು ತಿಂಗಳು ಬಿಟ್ಟು ಇನ್ನೊಂದು ಮರಿ ತಂದು, ಅದೂ ಸತ್ತು, "ನಮ್ಮನೆಗೆ ಬೆಕ್ಕು ಆಗಿಬರುವುದಿಲ್ಲ" ಅಂತ ಕೈಬಿಟ್ಟವರನ್ನು ನಾನು ಬಲ್ಲೆ. ಆಗಿಬರದೇ ಇರುವುದು ಏನೂ ಇಲ್ಲ. ಈ ವೈರಸ್ಸಿಗೆ ಹೊರಗೆ ಕೊಬ್ಬಿನ ಪೊರೆ ಇಲ್ಲ, ಆದ್ದರಿಂದ ಸಾಬೂನು, ಸ್ಯಾನಿಟೈಸರ್, ಸ್ಪಿರಿಟ್ ಯಾವುದೂ ಅದನ್ನು ಕೊಲ್ಲುವುದಿಲ್ಲ. ಮನೆಯೊಳಗೆ ಒಂದು ವರ್ಷದವರೆಗೂ ಜೀವ ಹಿಡಿದು ಇರಬಲ್ಲದು. ಫಿನಾಯಿಲ್, ಡೆಟಾಲ್‌ನಂಥವು ಬೆಕ್ಕಿನ ಮೈಗೆ ತಾವೇ ವಿಷ, ಅದು ಪಾದ ನೆಕ್ಕಿಕೊಂಡರೆ ಹೊಟ್ಟೆಗೆ ಹೋಗುತ್ತದೆ.

ಕೆಲಸ ಮಾಡುವುದು ಬ್ಲೀಚ್. ಅಂಗಡಿಯಲ್ಲಿ ಸಿಗುವ ಸುಮಾರು 5 ಶೇಕಡಾದ ದ್ರವ ಬ್ಲೀಚನ್ನು ಒಂದು ಪಾಲಿಗೆ 32 ಪಾಲು ನೀರಿನಂತೆ, ಅಂದರೆ ಲೀಟರಿಗೆ ಸುಮಾರು 30 ಮಿಲಿಲೀಟರ್, ಬೆರೆಸಬೇಕು. ಮೊದಲು ಮಲ, ವಾಂತಿ, ಕೊಳೆ ಎಲ್ಲ ಸೋಪು ನೀರಿನಲ್ಲಿ ಪೂರ್ತಿ ತೊಳೆದು ತೆಗೆಯಬೇಕು. ಕೊಳೆಯ ಮೇಲೆ ಬ್ಲೀಚ್ ಹಾಕಿದರೆ ಅದರ ಶಕ್ತಿಯೆಲ್ಲ ಕೊಳೆಗೇ ಖರ್ಚಾಗುತ್ತದೆ. ಬ್ಲೀಚ್ ನೀರು ಸುರಿದ ಮೇಲೆ ನೆಲ ಕಡಿಮೆಯೆಂದರೆ 10 ನಿಮಿಷ ಒದ್ದೆಯಾಗೇ ಇರಬೇಕು. ಆಮೇಲೆ ತೊಳೆದು, ಒಣಗಿದ ನಂತರ ಬೆಕ್ಕು ಬಿಡಿ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಬೆರೆಸಬೇಡಿ, ಬೆಕ್ಕಿನ ಮೂತ್ರದ ಮೇಲೂ ನೇರ ಸುರಿಯಬೇಡಿ, ಹೊಗೆ ಉಸಿರು ಕಟ್ಟಿಸುತ್ತದೆ. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಇದೆಯಲ್ಲ ಅನ್ನುವವರು ಗಮನಿಸಿ: ಒಡೆದಿಟ್ಟ ಪ್ಯಾಕೆಟ್ ನಮ್ಮ ಮಳೆಗಾಲದ ಥಂಡಿಗೆ ಶಕ್ತಿ ಕಳೆದುಕೊಂಡಿರುತ್ತದೆ, ಅದನ್ನು ನಂಬಬೇಡಿ.

ಮಣ್ಣಿನ ನೆಲ, ಗೋಣಿಚೀಲ, ಹಳೇ ಕಂಬಳಿ, ಮರದ ಪೆಟ್ಟಿಗೆ, ಇವನ್ನು ಶುದ್ಧ ಮಾಡಲು ಆಗುವುದಿಲ್ಲ. ಬೆಕ್ಕು ಮಲಗುತ್ತಿದ್ದ ಗೋಣಿಗಳನ್ನೆಲ್ಲ ನಾವು ಸುಟ್ಟೆವು. ಸತ್ತವನ್ನು ಬಾವಿ, ತೋಡಿನಿಂದ ದೂರ, ನಾಯಿ ಕೆದಕದಷ್ಟು ಆಳದಲ್ಲಿ ಹೂಳಿ. ಮಳೆಗೆ ಮಣ್ಣು ಕುಸಿಯುತ್ತದೆ, ಮೇಲೆ ಕಲ್ಲು ಹೇರಿ.

ಕಾಯಿಲೆ ಬೆಕ್ಕನ್ನು ಬೇರೆ ಕೋಣೆಯಲ್ಲಿ, ಸಿಮೆಂಟು ನೆಲ ಇರುವ ಬಚ್ಚಲಾದರೂ ಸರಿ, ಇಡಿ. ಅದಕ್ಕೆ ಬೇರೆ ತಟ್ಟೆ, ಬೇರೆ ಟ್ರೇ, ಒಳಗೆ ಹೋಗಲು ಬೇರೆ ಚಪ್ಪಲಿ ಮತ್ತು ಒಂದು ಹಳೇ ಅಂಗಿ. ಗಟ್ಟಿಯಾಗಿರುವ ಬೆಕ್ಕುಗಳ ಊಟ, ಶುಚಿ ಮೊದಲು ಮುಗಿಸಿ, ಕಾಯಿಲೆಯದರ ಹತ್ತಿರ ಕೊನೆಗೆ ಹೋಗಿ. ನಮ್ಮ ಮನೆಯಲ್ಲಿ ಇದನ್ನು ಪಾಲಿಸಲು ಕಷ್ಟವಾಗಿದ್ದು ಗಂಡಸರಿಗೆ, ತೋಟದಿಂದ ಬಂದ ಬೂಟಿನಲ್ಲೇ ನೇರ ಒಳಗೆ. ಈ ವೈರಸ್ ಬೂಟಿನ ಅಡಿಯಲ್ಲೇ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತದೆ. ಹೊರಗೇ ಹೋಗದ ಬೆಕ್ಕಿಗೂ ಬರುವುದು ಹೀಗೆ. ಗುಣವಾದ ಬೆಕ್ಕು ಕೂಡ 6 ವಾರದವರೆಗೆ ಮಲದಲ್ಲಿ ವೈರಸ್ ಬಿಡುತ್ತಿರಬಹುದು, ಆದ್ದರಿಂದ ಬದುಕಿದ ಮರಿಯನ್ನು ಆ ಅವಧಿ ಮುಗಿಯುವ ತನಕ ಬೇರೆಯೇ ಇಟ್ಟೆವು. ಅದು ಬಾಗಿಲ ಕೆಳಗಿಂದ ಕೈ ಚಾಚಿ ತಾಯಿಯನ್ನು ಕರೆಯುವುದನ್ನು ಕೇಳಿಕೊಂಡು ಬಾಗಿಲು ಹಾಕಿಡುವುದು ಸುಲಭವಿರಲಿಲ್ಲ.

ಲಸಿಕೆಯ ವಿಷಯ. ಮರಿ ಕೊಟ್ಟವರಿಗೆ ಕೊನೆಗೆ ಫೋನ್ ಮಾಡಿದಾಗ ಗೊತ್ತಾಗಿದ್ದು, ಅವರು ಲಸಿಕೆ ಅಂದಿದ್ದು ಬಾಯಿಗೆ ಹಾಕಿದ ಜಂತುಹುಳದ ಔಷಧಿಯನ್ನು. ಅದರ ಒಡಹುಟ್ಟಿದ ಮರಿಗಳು ವಾರದ ಹಿಂದಷ್ಟೇ ಸತ್ತಿದ್ದವು. "ಇದೊಂದು ಉಳಿದಿತ್ತು, ನಿಮ್ಮಲ್ಲಾದರೂ ಬದುಕಲಿ ಅಂತ ಕೊಟ್ಟೆವು" ಅಂದರು. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ ಅಂತ ನನಗೂ ಗೊತ್ತು. ಆದರೆ ಆ ಒಂದು ಮಾತು ಮೊದಲೇ ಹೇಳಿದ್ದರೆ ಕೆಂಚ ಇವತ್ತು ಅಟ್ಟದ ಮೇಲೆ ಇರುತ್ತಿದ್ದ. ಹಾಗಾಗಿ ಬಾಯಿಮಾತು ಕೇಳಬೇಡಿ, ಲಸಿಕೆ ಸೀಸೆಯ ಚೀಟಿ ಅಂಟಿಸಿದ, ತಾರೀಕು ಮತ್ತು ಡಾಕ್ಟರ ಸಹಿ ಇರುವ ಕಾರ್ಡ್ ನೋಡಿ. ಬಾಯಿಗೆ ಹಾಕುವುದು ಲಸಿಕೆಯಲ್ಲ, ರೇಬೀಸ್ ಸೂಜಿ ಬೇರೆ, ಇದು ಬೇರೆ. ಮೂರು ರೋಗಕ್ಕೆ ಒಟ್ಟಿಗೆ ಕೊಡುವ ಟ್ರೈಕ್ಯಾಟ್ ಸೂಜಿಯಲ್ಲಿ ಪ್ಯಾನ್‌ಲ್ಯುಕೋಪೀನಿಯಾದ ಲಸಿಕೆಯೂ ಇರುತ್ತದೆ.

ಮರಿಗೆ 6 ರಿಂದ 8 ವಾರ ಆದಾಗ ಮೊದಲ ಡೋಸ್, ಆಮೇಲೆ 3-4 ವಾರಕ್ಕೊಮ್ಮೆ, 16 ವಾರ ದಾಟುವ ತನಕ. ಒಂದೇ ಸೂಜಿ ಸಾಲದು, ಯಾಕೆಂದರೆ ತಾಯಿಯ ಹಾಲಿನಿಂದ ಬಂದ ರಕ್ಷಣೆ ಇರುವವರೆಗೆ ಅದು ಲಸಿಕೆಯನ್ನೂ ತಡೆದುಬಿಡುತ್ತದೆ. ಗಬ್ಬದ ಬೆಕ್ಕಿಗೆ ಜೀವಂತ ವೈರಸ್ ಇರುವ ಲಸಿಕೆ ಹಾಕಿಸಬಾರದು. ಗಬ್ಬದಲ್ಲಿ ಸೋಂಕು ತಗುಲಿದರೆ ಮರಿಗಳ ಕಿರುಮೆದುಳು ಬೆಳೆಯದೆ ಜೀವನಪೂರ್ತಿ ತೂರಾಡಿಕೊಂಡು ನಡೆಯುತ್ತವೆ.

ಕೊಡಗಿನಲ್ಲಿ ದನದ ಲಸಿಕೆ ಸಿಕ್ಕಷ್ಟು ಸುಲಭವಾಗಿ ಬೆಕ್ಕಿನದು ಸಿಗುವುದಿಲ್ಲ. ಲಸಿಕೆಯನ್ನು 2 ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇಡಬೇಕು, ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ದಿನಗಟ್ಟಲೆ ಇರುವುದಿಲ್ಲ. ಆದ್ದರಿಂದ ಮಾರ್ಚ್, ಏಪ್ರಿಲ್‌ನಲ್ಲೇ ಹಾಕಿಸಿ ಮುಗಿಸಿ. ನಾಲ್ಕಾರು ಮನೆಯವರು ಸೇರಿ ಒಟ್ಟಿಗೆ ಹೇಳಿದರೆ ಡಾಕ್ಟರು ಮೈಸೂರಿನಿಂದ ಐಸ್ ಡಬ್ಬಿಯಲ್ಲಿ ತರಿಸಿಕೊಡುತ್ತಾರೆ. ನಾವು ಹಾಗೇ ಮಾಡಿದೆವು. ಪಕ್ಕದ ತೋಟದವರ ಬೆಕ್ಕುಗಳಿಗೂ, ತೋಟದ ಕೆಲಸದವರ ಲೈನ್ ಮನೆಯ ಮಕ್ಕಳು ಸಾಕಿದ ಎರಡಕ್ಕೂ ಅವತ್ತೇ ನಮ್ಮ ಜಗಲಿಯಲ್ಲಿ ಸೂಜಿ ಆಯಿತು. ಅತ್ತೆ ಅವರಿಗೆಲ್ಲ ಕಾಫಿ ಮಾಡಿ ಕೊಟ್ಟು, ಬೇಲಿಯ ಹತ್ತಿರ ಆಡಿದ ಮಾತಿಗೆ ತಪ್ಪಾಯಿತು ಅಂದರು.

ಹೊಸ ಬೆಕ್ಕು ತಂದರೆ ಲಸಿಕೆ ಆಗಿದ್ದರೂ ಎರಡು ವಾರ ಬೇರೆ ಕೋಣೆಯಲ್ಲಿಡಿ. ಸೋಂಕು ತಗುಲಿ ಲಕ್ಷಣ ಕಾಣಲು 10 ದಿನದವರೆಗೂ ಹಿಡಿಯಬಹುದು, ಆ ದಿನಗಳಲ್ಲಿ ಮರಿ ನೋಡಲು ಪೂರ್ತಿ ಚೆನ್ನಾಗಿರುತ್ತದೆ. ಮನೆಯಲ್ಲಿ ಈ ರೋಗ ಬಂದು ಹೋಗಿದ್ದರೆ ಒಂದು ವರ್ಷ ಲಸಿಕೆಯಾಗದ ಮರಿಯನ್ನು ಒಳಗೆ ತರಲೇಬೇಡಿ. ನಿಮ್ಮಲ್ಲಿ ಮರಿಗಳು ಸತ್ತು ಒಂದೆರಡು ಉಳಿದಿದ್ದರೆ ಅವನ್ನು ಯಾರಿಗೂ ಕೊಡಬೇಡಿ, ಸಂತೆಯಲ್ಲಿ ಬಿಡಬೇಡಿ. ಈಗಾಗಲೇ ಕೊಟ್ಟಿದ್ದರೆ ತೆಗೆದುಕೊಂಡವರಿಗೆ ಇವತ್ತೇ ಫೋನ್ ಮಾಡಿ ವಿಷಯ ತಿಳಿಸಿ, ಅವರ ಮನೆಯ ಬೆಕ್ಕುಗಳಿಗೆ ಇನ್ನೂ ಸಮಯ ಇರಬಹುದು.