ಮನೆಯಲ್ಲೇ ಸಸೋನ್: ಪೊಟ್ಟಣವೋ, ಪುಡಿಯೋ, ಕೆಂಪೆಣ್ಣೆಯೋ?

ಕೆರಿಬಿಯನ್ ದ್ವೀಪವಾದ ಪೋರ್ಟೊ ರಿಕೊದ ಮನೆಗಳಲ್ಲಿ ಮಾಡುವ ಅನ್ನಕ್ಕೆ ಒಂದು ಕಿತ್ತಳೆ ಬಣ್ಣ ಇರುತ್ತದೆ. ಅದನ್ನು ಕೊಡುವುದು ಸಸೋನ್ ಎಂಬ ಮಸಾಲೆ ಪುಡಿ. ನಾವಿರುವ ನ್ಯೂಜೆರ್ಸಿಯಲ್ಲಿ ಯಾವ ಲ್ಯಾಟಿನ್ ದಿನಸಿ ಅಂಗಡಿಗೆ ಹೋದರೂ ಇದರ ಪುಟ್ಟ ಪೊಟ್ಟಣಗಳು ಸಿಗುತ್ತವೆ. ಒಂದರಲ್ಲಿ ಸುಮಾರು 5 ಗ್ರಾಂ ಪುಡಿ. ಹಿಂದೆ ತಿರುಗಿಸಿ ಓದಿದರೆ ಜೀರಿಗೆ, ಕೊತ್ತಂಬರಿ, ಬೆಳ್ಳುಳ್ಳಿ, ಉಪ್ಪು. ಎಲ್ಲ ನಮ್ಮ ಮಸಾಲೆ ಡಬ್ಬಿಯಲ್ಲೇ ಇರುವುದು ಅಲ್ವಾ? ಹೊಸದು ಅಂತ ಇರುವುದು ಅಚಿಯೋಟೆ, ಅಂದರೆ ಬಣ್ಣ ಕೊಡುವ ಒಂದು ಕೆಂಪು ಬೀಜ, ಅದೊಂದೇ. ಹಾಗಿದ್ದ ಮೇಲೆ ಮನೆಯಲ್ಲೇ ಮಾಡಿದರೆ ಹೇಗಿರುತ್ತದೆ, ಯಾವ ದಾರಿ ಒಳ್ಳೆಯದು ಅಂತ ನಾಲ್ಕು ಬಗೆಯಲ್ಲಿ ಮಾಡಿ, ಪಕ್ಕ ಪಕ್ಕ ಇಟ್ಟು ತಿಂದು ನೋಡಿದೆ.

ಪರೀಕ್ಷೆಗೆ ಆರಿಸಿಕೊಂಡದ್ದು ಅರೋಸ್ ಕೋನ್ ಗಾಂದೂಲೆಸ್. ಗಾಂದೂಲೆಸ್ ಅಂದರೆ ಬೇರೇನೂ ಅಲ್ಲ, ನಮ್ಮ ಹಸಿ ತೊಗರಿಕಾಳು. ತೊಗರಿ ಹುಟ್ಟಿದ್ದು ಭಾರತದಲ್ಲಿ. ಇಲ್ಲಿಂದ ಆಫ್ರಿಕಾಕ್ಕೆ ಹೋಗಿ, ಅಲ್ಲಿಂದ ಗುಲಾಮರನ್ನು ಸಾಗಿಸಿದ ಹಡಗುಗಳ ಕಾಲದಲ್ಲಿ ಕೆರಿಬಿಯನ್ ದ್ವೀಪಗಳಿಗೆ ಬಂತು. ಈಗ ಪೋರ್ಟೊ ರಿಕೊದಲ್ಲಿ ಕ್ರಿಸ್‌ಮಸ್ ಊಟ ಅಂದರೆ ಈ ತೊಗರಿಕಾಳಿನ ಅನ್ನ ಇರಲೇಬೇಕು. ಕಲಬುರಗಿಯ ತೊಗರಿ ತಿಂದು ಬೆಳೆದವರಿಗೆ ಆ ಪಾತ್ರೆಯ ಮುಚ್ಚಳ ತೆಗೆದಾಗ ಬರುವ ವಾಸನೆ ಅರ್ಧ ಗೊತ್ತಿರುವುದೇ. ಅವರು ಸಾಮಾನ್ಯವಾಗಿ ಇದಕ್ಕೆ ಹಂದಿಮಾಂಸ ಹಾಕುತ್ತಾರೆ, ನಮ್ಮ ಮನೆಯಲ್ಲಿ ಹಾಕುವುದಿಲ್ಲ. ಮಾಂಸ ಇಲ್ಲದಿದ್ದಾಗ ರುಚಿಯ ಭಾರವೆಲ್ಲ ಮಸಾಲೆಯ ಮೇಲೆಯೇ ಬೀಳುತ್ತದೆ. ಹಾಗಾಗಿ ಯಾವ ಪುಡಿ ಎಷ್ಟು ತೂಗುತ್ತದೆ ಅಂತ ಸರಿಯಾಗಿ ಗೊತ್ತಾಯಿತು.

ಮೊದಲು ಅಂಗಡಿಯ ಪೊಟ್ಟಣ. ಅಮೆರಿಕದಲ್ಲಿ ಪದಾರ್ಥಗಳನ್ನು ತೂಕದಲ್ಲಿ ಜಾಸ್ತಿ ಇರುವುದರಿಂದ ಶುರುಮಾಡಿ ಬರೆಯಬೇಕೆಂಬ ನಿಯಮವಿದೆ. ನಾನು ತಂದ ಪೊಟ್ಟಣದಲ್ಲಿ ಮೊದಲು ಬಂದದ್ದು ಎಂ.ಎಸ್.ಜಿ. (ನಮ್ಮಲ್ಲಿ ಅಜಿನೊಮೊಟೊ ಅನ್ನುವ ರುಚಿ ಹೆಚ್ಚಿಸುವ ಪುಡಿ) ಮತ್ತು ಉಪ್ಪು. ಮಸಾಲೆ ಆಮೇಲೆ. ಬಣ್ಣಕ್ಕೆ ಅಚಿಯೋಟೆ ಜೊತೆ ಕೃತಕ ಹಳದಿ, ಕೆಂಪು ಕೂಡ ಇತ್ತು. ಎಂ.ಎಸ್.ಜಿ. ಬಗ್ಗೆ ನನಗೆ ಭಯವಿಲ್ಲ. ಟೊಮೆಟೊದಲ್ಲಿ ತಾನಾಗಿಯೇ ಇರುವ ಗ್ಲುಟಮೇಟ್ ಕೂಡ ಅದೇ. ನಿಜ ಹೇಳಬೇಕೆಂದರೆ ಬಾಯಲ್ಲಿ ಇಟ್ಟ ಕೂಡಲೇ ‘ಆಹಾ’ ಅನ್ನಿಸಿದ್ದು ಈ ಅನ್ನವೇ. ಆದರೆ ಎರಡನೇ ತಟ್ಟೆಗೆ ಹೋಗುವಷ್ಟರಲ್ಲಿ ಉಪ್ಪೇ ಮುಂದೆ ಬಂತು, ಜೀರಿಗೆ ಎಲ್ಲೋ ಹಿಂದೆ ಉಳಿಯಿತು. ಮಸಾಲೆ ಸ್ವಲ್ಪ ಜಾಸ್ತಿ ಇರಲಿ ಅಂದರೆ ಪೊಟ್ಟಣದಲ್ಲಿ ಆಗದು, ಜೊತೆಗೆ ಉಪ್ಪೂ ಏರುತ್ತದೆ. ನನಗೆ ಇದೇ ದೊಡ್ಡ ಕೊರತೆ.

ಎರಡನೆಯದು ಅಚಿಯೋಟೆ ಬೀಜವನ್ನೇ ಪುಡಿಮಾಡಿ ಸೇರಿಸುವುದು. ಇಂಗ್ಲಿಷಿನವರು ಅನ್ನಾಟೊ ಅನ್ನುವುದು ಇದಕ್ಕೇ. ಬೆಣ್ಣೆ, ಚೀಸ್‌ಗೆ ಹಳದಿ ಬಣ್ಣ ಕಟ್ಟಲು ಬಳಸುವ ಬೀಜ. ತ್ರಿಕೋನದಂಥ ಪುಟ್ಟ ಕಾಳು, ಇಟ್ಟಿಗೆ ಬಣ್ಣ. ಎರಡು ಬೆರಳಲ್ಲಿ ಉಜ್ಜಿದರೆ ಬೆರಳು ಕೆಂಪಾಗುತ್ತದೆ, ಬೀಜ ಮಾತ್ರ ಕಲ್ಲಿನಂತೆ ಗಟ್ಟಿ. ಬಣ್ಣ ಇರುವುದೆಲ್ಲ ಮೇಲಿನ ತೆಳು ಪದರದಲ್ಲಿ. ಒಳಗಿನದು ಬರೀ ಗಟ್ಟಿ ಬೀಜ. ಮಿಕ್ಸಿಯ ಚಿಕ್ಕ ಜಾರಿನಲ್ಲಿ ಹಾಕಿದರೆ ಚಟಪಟ ಸದ್ದು ಮಾಡುತ್ತಾ ಗೋಡೆಗೆ ಹಾರುತ್ತದೆ. ಮಧ್ಯೆ ಮಧ್ಯೆ ನಿಲ್ಲಿಸಿ, ಜರಡಿ ಹಿಡಿದು, ಉಳಿದ ತರಿಯನ್ನು ಮತ್ತೆ ಹಾಕಬೇಕು. ಇಷ್ಟು ಮಾಡಿದರೂ ನುಣುಪಾಗಿ ಬರಲಿಲ್ಲ, ಅನ್ನದಲ್ಲಿ ಹಲ್ಲಿಗೆ ಸಿಕ್ಕಿತು. ಬಣ್ಣವೂ ಒಂದೇ ಸಮ ಇರಲಿಲ್ಲ. ಅಲ್ಲಲ್ಲಿ ಕೆಂಪು, ಅಲ್ಲಲ್ಲಿ ಬಿಳಿ. ಅಚಿಯೋಟೆ ಪುಡಿಯನ್ನೇ ಕೊಂಡರೆ ಈ ತಾಪತ್ರಯ ಇಲ್ಲ. ಆದರೆ ಅದು ಹೊಸದಾಗಿರಬೇಕು. ಬೆಳಕಿಗೆ ಇಟ್ಟ ಪುಡಿ ಬಣ್ಣ ಕಳೆದುಕೊಳ್ಳುತ್ತದೆ.

ಮೂರನೆಯದು ಎಣ್ಣೆಯ ದಾರಿ. ನನ್ನ ಮಟ್ಟಿಗೆ ಗೆದ್ದದ್ದು ಇದೇ. ಅಚಿಯೋಟೆಯ ಮುಖ್ಯ ಬಣ್ಣದ ಹೆಸರು ಬಿಕ್ಸಿನ್. ಅದು ಕರಗುವುದು ಕೊಬ್ಬಿನಲ್ಲಿ, ನೀರಿನಲ್ಲಿ ಅಲ್ಲ. ಪುಡಿಯನ್ನು ನೀರಿನ ಜೊತೆ ಅನ್ನಕ್ಕೆ ಹಾಕಿದಾಗ ಅಲ್ಲಲ್ಲಿ ಬಣ್ಣ ಕಟ್ಟುವುದು ಇದೇ ಕಾರಣಕ್ಕೆ. ಪೋರ್ಟೊ ರಿಕೊದ ಹಳೆಯ ತಲೆಮಾರಿನ ಅಡುಗೆಯವರು ಮೊದಲಿನಿಂದಲೂ ಬೀಜವನ್ನು ಎಣ್ಣೆಯಲ್ಲೋ ಹಂದಿಕೊಬ್ಬಿನಲ್ಲೋ ಕಾಯಿಸಿ ಸೋಸಿ ಇಟ್ಟುಕೊಳ್ಳುತ್ತಿದ್ದರು.

ಒಂದು ಕಪ್ ಎಣ್ಣೆಗೆ ಕಾಲು ಕಪ್ ಬೀಜ. ತಣ್ಣಗಿನ ಎಣ್ಣೆಗೇ ಬೀಜ ಹಾಕಿ ಸಣ್ಣ ಉರಿಯಲ್ಲಿ ಇಡಿ. ಮೊದಲು ಬೀಜದ ಸುತ್ತ ಹಳದಿ ಎಳೆಗಳು ಹೊರಡುತ್ತವೆ, ಆಮೇಲೆ ಎಣ್ಣೆ ಪೂರ್ತಿ ಕಿತ್ತಳೆಯಾಗಿ, ಕೊನೆಗೆ ಗಾಢ ಕೆಂಪಿಗೆ ತಿರುಗುತ್ತದೆ. ಅಂಚಿನಲ್ಲಿ ಸಣ್ಣ ಗುಳ್ಳೆ ಕಂಡು ಮೂರ್ನಾಲ್ಕು ನಿಮಿಷ ಆದರೆ ಸಾಕು. ಬೀಜ ಕಪ್ಪಾಗಲು ಬಿಡಬಾರದು. ಕಪ್ಪಾದರೆ ಕೆಂಪು ಹೋಗಿ ಎಣ್ಣೆಯ ಬಣ್ಣ ಕೆಡುತ್ತದೆ, ಕಹಿಯೂ ಆಗುತ್ತದೆ. ಒಲೆ ಆರಿಸಿ, ಆರಿದ ಮೇಲೆ ಸೋಸಿ, ಬೀಜ ಎಸೆಯಿರಿ. ಈ ಎಣ್ಣೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ದಪ್ಪ ಮೆಣಸಿನಕಾಯಿ ಬಾಡಿಸಿ, ಬಣ್ಣವಿಲ್ಲದ ಜೀರಿಗೆ-ಕೊತ್ತಂಬರಿ ಪುಡಿ ಹಾಕಿ, ತೊಳೆದ ಅಕ್ಕಿ ಹಾಕಿ ತಿರುವಿದೆ. ಪ್ರತಿ ಅಕ್ಕಿಕಾಳಿಗೂ ಬಣ್ಣ ಹತ್ತಿತು. ಅನ್ನ ಉದುರುದುರಾಗಿ ಬಂತು. ತಳದಲ್ಲಿ ಹತ್ತಿಕೊಂಡ ಗರಿಗರಿ ಪದರಕ್ಕೆ ಅವರು ಪೆಗಾವೊ ಅನ್ನುತ್ತಾರೆ, ಅದಕ್ಕೆ ಮನೆಯಲ್ಲಿ ಜಗಳವೇ ಆಗುತ್ತದಂತೆ. ಎಣ್ಣೆಯಲ್ಲಿ ಮಾಡಿದಾಗ ಅದೂ ಚೆನ್ನಾಗಿ ಎದ್ದು ಬಂತು. ಪೊಟ್ಟಣದ ಆ ‘ಆಹಾ’ ಇಲ್ಲಿ ಸ್ವಲ್ಪ ಕಡಿಮೆ. ಅದಕ್ಕೆ ಎರಡು ಚಮಚ ಟೊಮೆಟೊ ಪೇಸ್ಟ್ ಹಾಕಿ, ಎಣ್ಣೆ ಬಿಡುವವರೆಗೆ ಹುರಿದರೆ ಬಹುಪಾಲು ತುಂಬುತ್ತದೆ.

ಇನ್ನು ನಾಲ್ಕನೆಯದು, ಅಚಿಯೋಟೆ ಸಿಗದಿದ್ದಾಗ ಮಾಡುವುದು: ಅರಿಶಿನ ಮತ್ತು ಪಾಪ್ರಿಕಾ. ನಾನು ಪಾಪ್ರಿಕಾ ಬದಲು ಬ್ಯಾಡಗಿ ಮೆಣಸಿನ ಪುಡಿ ಹಾಕಿದೆ. ಬಣ್ಣ ಜಾಸ್ತಿ, ಖಾರ ಕಡಿಮೆ, ಅದೇ ಗುಣ. ಅರ್ಧ ಚಮಚ ಬ್ಯಾಡಗಿಗೆ ಕಾಲು ಚಮಚ ಅರಿಶಿನ ಹಾಕಿದರೆ ಬಣ್ಣ ಅಚಿಯೋಟೆಗೆ ಹತ್ತಿರ ಬರುತ್ತದೆ. ರುಚಿ ಬರುವುದಿಲ್ಲ. ಅಚಿಯೋಟೆಗೆ ತುಂಬಾ ಮೆತ್ತನೆಯ ಮಣ್ಣಿನ ವಾಸನೆ ಇದೆ, ಉಳಿದ ಮಸಾಲೆಯನ್ನು ಅದು ಮುಚ್ಚುವುದಿಲ್ಲ. ಅರಿಶಿನ ಹಾಗಲ್ಲ, ಕಾಲು ಚಮಚ ದಾಟಿದರೆ ಅನ್ನ ಪಲಾವಿನ ಕಡೆ ವಾಲುತ್ತದೆ. ಸಸೋನ್‌ನಲ್ಲಿ ಸಾಮಾನ್ಯವಾಗಿ ಖಾರ ಇರುವುದೇ ಇಲ್ಲ, ಬ್ಯಾಡಗಿಯ ಅಷ್ಟು ಖಾರವೂ ಗೊತ್ತಾಗುತ್ತದೆ. ಅನ್ನಕ್ಕೆ ನಾನು ಇದನ್ನು ಹೇಳುವುದಿಲ್ಲ. ಆದರೆ ಕೆಂಪು ಬೀನ್ಸ್ ಸಾರಿಗೆ ಹಾಕಿದಾಗ ಚೆನ್ನಾಗಿತ್ತು. ಟೊಮೆಟೊ, ಆಲೂಗಡ್ಡೆ, ಕುಂಬಳಕಾಯಿ ಎಲ್ಲ ಇರುವ ಸಾರಿನಲ್ಲಿ ಅರಿಶಿನ ತಲೆ ಎತ್ತುವುದಿಲ್ಲ.

ಹುರಿಯಬೇಕೋ ಬೇಡವೋ ಅನ್ನುವುದು ನಮ್ಮವರಿಗೆಲ್ಲ ಬರುವ ಪ್ರಶ್ನೆ. ಸಾರಿನಪುಡಿಗೆ ಮಾಡುವಂತೆ ಧನಿಯ, ಜೀರಿಗೆ ಕೆಂಪಗೆ ಹುರಿದು ಮಾಡಿದ ಪುಡಿ, ಹುರಿಯದೆ ಮಾಡಿದ ಪುಡಿ ಎರಡನ್ನೂ ಹಾಕಿ ನೋಡಿದೆ. ಹುರಿದದ್ದು ಘಮಘಮ ಅನ್ನುತ್ತದೆ, ಅದರಲ್ಲಿ ಸಂಶಯ ಇಲ್ಲ. ಆದರೆ ಆ ಘಮ ನೇರ ನಮ್ಮ ಊರಿಗೇ ಕರೆದುಕೊಂಡು ಬರುತ್ತದೆ. ಹುರಿಯದ ಧನಿಯದಲ್ಲಿ ನಿಂಬೆಯಂಥ ತಿಳಿ ವಾಸನೆ ಇರುತ್ತದೆ, ಸಸೋನ್‌ಗೆ ಬೇಕಾದ್ದು ಅದು. ಬಾಣಲೆ ಬೆಚ್ಚಗೆ ಮಾಡಿ, ತೇವ ಹೋಗುವಷ್ಟು ಮಾತ್ರ ತಿರುವಿ ಇಳಿಸಿ. ಬಣ್ಣ ಬದಲಾಗಬಾರದು.

ಈ ಪುಡಿಗೆ ಹಾಕುವ ಓರೆಗಾನೊ ಎಂಬ ಒಣ ಸೊಪ್ಪಿನಲ್ಲೂ ಆಯ್ಕೆ ಇದೆ. ಪಿಜ್ಜಾ ಜೊತೆ ಕೊಡುವುದು ಯುರೋಪಿನ ಓರೆಗಾನೊ, ತುಳಸಿ ಜಾತಿಯದು. ಮೆಕ್ಸಿಕನ್ ಓರೆಗಾನೊ ಬೇರೆಯೇ ಕುಟುಂಬದ ಗಿಡ, ವಾಸನೆಯಲ್ಲಿ ಸ್ವಲ್ಪ ನಿಂಬೆಯ ಛಾಯೆ. ಎರಡರಲ್ಲಿ ನನಗೆ ಮೆಕ್ಸಿಕನ್ ಇಷ್ಟವಾಯಿತು. ಆದರೆ ನಿಜವಾದ ಖುಷಿ ಬೇರೆ ಇದೆ. ಪೋರ್ಟೊ ರಿಕೊದಲ್ಲಿ ಓರೆಗಾನೊ ಬ್ರುಹೊ ಅಂತ ಹಿತ್ತಲಲ್ಲಿ ಬೆಳೆಸುವ ದಪ್ಪ ಎಲೆಯ ಗಿಡವೊಂದಿದೆ. ಅದು ನಮ್ಮ ದೊಡ್ಡಪತ್ರೆಯೇ! ತಂಬುಳಿ ಮಾಡುವ, ಮಕ್ಕಳಿಗೆ ನೆಗಡಿಯಾದರೆ ಬಾಡಿಸಿ ರಸ ಹಿಂಡುವ ಅದೇ ದೊಡ್ಡಪತ್ರೆ. ಒಣಗಿಸಿ ಪುಡಿಗೆ ಹಾಕಲು ಇದು ಆಗುವುದಿಲ್ಲ, ಎಲೆಯಲ್ಲಿ ನೀರು ಜಾಸ್ತಿ. ಹಸಿಯಾಗಿ ಸಣ್ಣಗೆ ಹೆಚ್ಚಿ ಈರುಳ್ಳಿ ಜೊತೆ ಬಾಡಿಸಬೇಕು. ಇಡೀ ಪಾತ್ರೆಗೆ ಎರಡು ಎಲೆ ಸಾಕು. ಒಣ ಓರೆಗಾನೊ ಹಾಕಿದ ಅನ್ನ, ದೊಡ್ಡಪತ್ರೆ ಹಾಕಿದ ಅನ್ನ ಎರಡನ್ನೂ ಪಕ್ಕದ ಮನೆಯ ಪೋರ್ಟೊ ರಿಕೊ ಅಜ್ಜಿಗೆ ಕೊಟ್ಟೆ. ಅವರು ದೊಡ್ಡಪತ್ರೆಯ ಬಟ್ಟಲನ್ನೇ ಹತ್ತಿರ ಎಳೆದುಕೊಂಡರು. ಬೆಂಗಳೂರು, ಮೈಸೂರಿನಲ್ಲಿ ಕೂತು ಇದನ್ನು ಮಾಡುವವರಿಗೆ ಕುಂಡದಲ್ಲೇ ಸಿಗುವ ಸಾಮಾನು ಇದು.

ಕೊನೆಗೆ ನಾನು ಇಟ್ಟುಕೊಂಡಿರುವ ಪುಡಿಯ ಅಳತೆ: ಧನಿಯ ಪುಡಿ, ಜೀರಿಗೆ ಪುಡಿ, ಬೆಳ್ಳುಳ್ಳಿ ಪುಡಿ ತಲಾ ಒಂದು ದೊಡ್ಡ ಚಮಚ. ಒಣ ಓರೆಗಾನೊ ಅರ್ಧ ದೊಡ್ಡ ಚಮಚ, ಕಾಳುಮೆಣಸಿನ ಪುಡಿ ಒಂದು ಟೀ ಚಮಚ. ಅನ್ನಕ್ಕಾದರೆ ಇಷ್ಟೇ, ಬಣ್ಣ ಎಣ್ಣೆಯಿಂದ ಬರುತ್ತದೆ. ಆಲೂಗಡ್ಡೆ, ಹೂಕೋಸು, ಕೋಳಿಗೆ ಸವರಿ ಓವನ್‌ನಲ್ಲಿ ಇಡುವುದಾದರೆ ಇದಕ್ಕೇ ಒಂದು ದೊಡ್ಡ ಚಮಚ ಕೊಂಡ ಅಚಿಯೋಟೆ ಪುಡಿ ಸೇರಿಸಿ. ಅಲ್ಲಿ ಪುಡಿಯೇ ವಾಸಿ, ಎಣ್ಣೆ ತಟ್ಟೆಗೆ ಇಳಿದು ಹೋಗುತ್ತದೆ. ಒಂದು ಪೊಟ್ಟಣದ ಬದಲಿಗೆ ಒಂದೂವರೆ ಟೀ ಚಮಚ ಲೆಕ್ಕ.

ಕೆಂಪೆಣ್ಣೆಯನ್ನು ಗಾಜಿನ ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಡಿ. ಪ್ಲಾಸ್ಟಿಕ್ ಡಬ್ಬಿಗೆ ಹಾಕಿದರೆ ಆ ಬಣ್ಣ ಮತ್ತೆ ಹೋಗುವುದಿಲ್ಲ. ವಾಸನೆಗೆ ಇರಲಿ ಅಂತ ಸುಮ್ನೆ ಹಸಿ ಬೆಳ್ಳುಳ್ಳಿ ಎಸಳು ಅದರಲ್ಲಿ ಮುಳುಗಿಸಿ ಇಡಬೇಡಿ, ಎಣ್ಣೆಯೊಳಗೆ ಗಾಳಿಯಿಲ್ಲದೆ ಕೂತ ಬೆಳ್ಳುಳ್ಳಿಯಲ್ಲಿ ಬೊಟುಲಿಸಂ ವಿಷ ಹುಟ್ಟುವ ಅಪಾಯ ಇದೆ. ಉಪ್ಪನ್ನೂ ಪುಡಿಗೆ ಬೆರೆಸಿ ಇಡಬೇಡಿ. ಆಲಿವ್, ಕೇಪರ್ಸ್ (ಉಪ್ಪಿನಲ್ಲಿ ಹಾಕಿಟ್ಟ ಹೂಮೊಗ್ಗು) ಹಾಕುವ ದಿನ ಅವುಗಳಲ್ಲೇ ಬೇಕಾದಷ್ಟು ಉಪ್ಪಿರುತ್ತದೆ, ನೀರು ಕುದಿಯುವಾಗ ಒಂದು ಹನಿ ರುಚಿ ನೋಡಿ ಆಮೇಲೆ ಹಾಕಿ.