ತುಂಬು ಹೊಲಿಗೆ: 0.30, 0.40, 0.45ರ ನಡುವೆ

‘ಅಕ್ಕ, ಇನ್ನೂ ಸ್ವಲ್ಪ ದಟ್ಟವಾಗಿ ತುಂಬಿಸಿ’ ಎನ್ನದ ಗಿರಾಕಿ ಕುಮಟಾದಿಂದ ಕಾರವಾರದವರೆಗೆ, ಯಂತ್ರ ಕಸೂತಿಯ ಕಡತ ಮಾಡುವ ನನಗಿನ್ನೂ ಸಿಕ್ಕಿಲ್ಲ. ಮೀನುಗಾರಿಕೆ ಬಂದರು ಬೈತಖೋಲದ ಹುಡುಗರು ಟೀ ಶರ್ಟ್ ಎದೆಗೆ ದೋಣಿಯ ಗುರುತು ಕೇಳಿದಾಗ, ಅದರ ಹಿನ್ನೆಲೆಯ ಐದು ಸೆಂಟಿಮೀಟರ್ ಅಗಲದ ನೀಲಿ ವೃತ್ತವನ್ನು ಬೇರೆ ಬೇರೆ ಡೆನ್ಸಿಟಿಯಲ್ಲಿ ಹೊಲಿದು ಅಕ್ಕಪಕ್ಕ ಇಟ್ಟು ನೋಡಿದೆ. ಡೆನ್ಸಿಟಿ ಎಂದರೆ ಹೊಲಿಗೆಯ ಸಾಲುಗಳ ನಡುವಿನ ಅಂತರ. ಅಂಕಿ ಇಳಿದಷ್ಟೂ ಹೊಲಿಗೆ ದಟ್ಟ.

0.40 ಮಿಲಿಮೀಟರ್ ಅಂತರ, 4 ಮಿಲಿಮೀಟರ್ ಉದ್ದದ ಹೊಲಿಗೆಯಾದರೆ ಆ ವೃತ್ತಕ್ಕೆ ಸುಮಾರು 1,230 ಹೊಲಿಗೆ ಸಾಕು. 0.30ಕ್ಕೆ ಇಳಿಸಿದರೆ 1,640ರ ಹತ್ತಿರ ಹೋಗುತ್ತದೆ. ಸಾವಿರ ಹೊಲಿಗೆಗೆ ಇಷ್ಟು ಎಂದು ದರ ಹೇಳುವ ಅಂಗಡಿಯಲ್ಲಿ ಇದು ನೇರವಾಗಿ ಗಿರಾಕಿಯ ಜೇಬಿಗೆ ಬೀಳುತ್ತದೆ. ಸಿಗುವುದೇನು? ಒಣಗಿದ ಹಪ್ಪಳದಂತೆ ಸೆಟೆದು ನಿಲ್ಲುವ ಎದೆಭಾಗ, ಸುತ್ತಲೂ ನೆರಿಗೆ. 0.45 ಮೃದುವಾಗಿ ಕೂತಿತು. ಕಡುನೀಲಿ ಬಟ್ಟೆಯ ಮೇಲೆ ನೀಲಿ ನೂಲು, ಆದ್ದರಿಂದ ಸಂದು ಕಾಣಲಿಲ್ಲ. ಅದೇ ಬಟ್ಟೆಯ ಮೇಲೆ ಬಿಳಿ ಹಾಯಿಯನ್ನು 0.45ರಲ್ಲಿ ತುಂಬಿದರೆ ಬಟ್ಟೆ ಇಣುಕುತ್ತದೆ. ಹಾಯಿಗೆ 0.40, ಹಿನ್ನೆಲೆಗೆ 0.45 ಎಂದು ನಿಲ್ಲಿಸಿದೆ. ಇಂಕ್‌ಸ್ಟಿಚ್ ಎಂಬ ಉಚಿತ ತಂತ್ರಾಂಶ ಬಳಸುವವರು ಗಮನಿಸಿ, ಅದು ತಾನಾಗಿ 0.25 ಇಟ್ಟುಕೊಂಡಿರುತ್ತದೆ.

ನಿಜವಾದ ವ್ಯತ್ಯಾಸ ಕಂಡದ್ದು ಮೇಲಿನ ಹೊಲಿಗೆಗೆ ಮೊದಲು ಹಾಕುವ ಅಡಿಹೊಲಿಗೆಯಾದ ಅಂಡರ್‌ಲೇಯಲ್ಲಿ. ಹೊಲಿಗೆ ತಾನು ಓಡುವ ದಿಕ್ಕಿನಲ್ಲಿ ಬಟ್ಟೆಯನ್ನು ಒಳಗೆ ಎಳೆಯುತ್ತದೆ. ಅಡ್ಡ ಸಾಲಿನಲ್ಲಿ ತುಂಬಿದ ವೃತ್ತ ಫ್ರೇಮಿನಿಂದ ಬಿಚ್ಚುವಷ್ಟರಲ್ಲಿ ನಿಂತ ಮೊಟ್ಟೆಯಾಗಿತ್ತು. ಕಪ್ಪು ಅಂಚಿಗೂ ನೀಲಿಗೂ ನಡುವೆ ಎಡಬಲದಲ್ಲಿ ಬಟ್ಟೆಯ ಗೆರೆ. ಮೇಲಿನ ಸಾಲಿಗೆ ಅಡ್ಡಲಾಗಿ ವಿರಳವಾದ ಅಂಡರ್‌ಲೇ ಹಾಕಿ, ಎಳೆತ ಸರಿದೂಗಲೆಂದು ಆಕಾರವನ್ನು ಮೊದಲೇ ಹಿಗ್ಗಿಸುವ ಪುಲ್ ಕಾಂಪೆನ್ಸೇಶನ್ ಅನ್ನು 0.2ರಿಂದ 0.4 ಮಿಲಿಮೀಟರಿಗೆ ಏರಿಸಿ, ಅಡಿಯಲ್ಲಿ ಬಟ್ಟೆಗೆ ಆಧಾರವಾಗಿ ಕಟ್‌ಅವೇ ಪೇಪರ್ ಇಟ್ಟಾಗ ಗೆರೆ ಮುಚ್ಚಿತು. ಅಂಡರ್‌ಲೇ ಇಲ್ಲದ 0.30ಕ್ಕಿಂತ ಅಂಡರ್‌ಲೇ ಇರುವ 0.45 ಕಣ್ಣಿಗೆ ಹೆಚ್ಚು ತುಂಬಿದಂತೆ ಕಾಣುತ್ತದೆ. ಕೋನವನ್ನು 45 ಡಿಗ್ರಿಗೆ ತಿರುಗಿಸಿದರೆ ಎಳೆತ ತಪ್ಪುವುದಿಲ್ಲ, ಓರೆಯಾಗುತ್ತದೆ ಅಷ್ಟೇ.

ಅಂಚಿನಿಂದ ಅಂಚಿಗೆ ಒಂದೇ ನೆಗೆತದಲ್ಲಿ ಹೋಗುವ ಸ್ಯಾಟಿನ್ ಹೊಲಿಗೆಯ ಹೊಳಪಿಗೆ ಮನಸೋತವರು ಹಾಯಿಯನ್ನೂ ಅದರಲ್ಲೇ ಕೇಳುತ್ತಾರೆ. ಅಗಲ ಏಳೆಂಟು ಮಿಲಿಮೀಟರ್ ದಾಟಿದರೆ ನೂಲು ಸಡಿಲವಾಗಿ ತೇಲುತ್ತದೆ. ಬಲೆ ಎಳೆಯುವವರ ಅಂಗಿಯಲ್ಲಿ ಅದು ಸಿಕ್ಕಿ ಕೀಳದೆ ಇರುತ್ತದೆಯೇ? ಹಾಯಿ ಕಟ್ಟುವ ಕೂವೆಮರಕ್ಕೆ, ಅಕ್ಷರಗಳಿಗೆ ಸ್ಯಾಟಿನ್, ಉಳಿದದ್ದಕ್ಕೆ ಸಾಲುಸಾಲಾಗಿ ತುಂಬುವ ಟಟಾಮಿ.

ಶಿರಸಿಯ ಮದುವೆಯ ರೇಷ್ಮೆ ರವಿಕೆಯ ಬೆನ್ನಿಗೆ ನವಿಲು ಹಾಕುವಾಗ ಲೆಕ್ಕ ಬೇರೆ. ಅಲ್ಲಿ ಬಟ್ಟೆ ಹಿಗ್ಗುವುದಿಲ್ಲ, ಪುಲ್ ಕಾಂಪೆನ್ಸೇಶನ್ 0.2 ಸಾಕು. ಟಟಾಮಿಯ ಹೊಲಿಗೆಯನ್ನು 2.5 ಮಿಲಿಮೀಟರಿಗೆ ಚಿಕ್ಕದಾಗಿಸಿದರೆ ಸೂಜಿಯ ಚುಚ್ಚು ಹೆಚ್ಚಿ ಹೊಳಪು ಮಂಕಾಗುತ್ತದೆ; 4 ಇಟ್ಟರೆ ನವಿಲಿನ ಕತ್ತು ಮಿನುಗುತ್ತದೆ.

ಯಂತ್ರಕ್ಕೆ ಹೋಗುವ ಡಿಎಸ್‌ಟಿ ಕಡತದಲ್ಲಿ ಈ ಸೆಟ್ಟಿಂಗ್ ಯಾವುದೂ ಉಳಿಯುವುದಿಲ್ಲ, ಬರೀ ಸೂಜಿಯ ನಡೆ ಇರುತ್ತದೆ. ಆದ್ದರಿಂದ ಬಟ್ಟೆಗೊಂದು ಕಡತ ಮಾಡಿ, ಹೆಸರಿನಲ್ಲೇ ‘ಟೀ’, ‘ರೇಷ್ಮೆ’ ಎಂದು ಬರೆದು ಕಳಿಸುತ್ತೇನೆ.